ತಂಗಿಯ ಕೊರಳಿನ ಲಿಂಗ

ನನ್ನ ತಂಗಿಯನ್ನು ಯಾರಾದರೂ ‘ದೇವರ ಮಗು’ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವಳು ನಮ್ಮವ್ವನ ಮಗಳು. ಕಂಪ್ಲಿಯಲ್ಲಿ ಹುಟ್ಟಿ, ಕಂಪ್ಲಿಯಲ್ಲೇ ಬೆಳೆದು, ಈಗ ತಲೆಯಲ್ಲಿ ಒಂದೊಂದು ಬಿಳಿ ಕೂದಲು ಕಾಣಿಸಿಕೊಂಡಿರುವ ಹೆಂಗಸು. ಡೌನ್ ಸಿಂಡ್ರೋಮ್ ಇದೆ. ಅದರ ಜೊತೆಗೆ ಹಟ ಇದೆ, ನಾಲಿಗೆ ರುಚಿ ಇದೆ, ನೆಂಟರು ನಡೆಯುವ ರೀತಿಯನ್ನು ಅವರ ಬೆನ್ನ ಹಿಂದೆಯೇ ನಡೆದು ತೋರಿಸುವ ಕೆಟ್ಟ ಚಾಳಿ ಇದೆ. ದೇವರ ಮಕ್ಕಳು ಹೀಗೆಲ್ಲ ಮಾಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಆದರೆ ದೇವರ ವಿಷಯದಲ್ಲಿ ಅವಳು ನಮ್ಮೆಲ್ಲರಿಗಿಂತ ಬಿಗಿ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಅವ್ವ ಏಳು ವರ್ಷದವಳಿದ್ದಾಗ ಕಟ್ಟಿಸಿಕೊಂಡ ಲಿಂಗವನ್ನು ಆಮೇಲೆ ಒಂದು ದಿನವೂ ಮೈಯಿಂದ ಬೇರೆ ಮಾಡಿದವಳಲ್ಲ. ನಮ್ಮಿಬ್ಬರನ್ನು ಹೆರುವಾಗಲೂ ಅದು ಕೊರಳಲ್ಲೇ ಇತ್ತು ಎಂದು ಸೂಲಗಿತ್ತಿಯೇ ಹೇಳುತ್ತಿದ್ದಳು. ಅಕ್ಕ ಅನ್ನಿಸಿಕೊಂಡ ನಾನು ಹೊಸಪೇಟೆಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಹಬ್ಬ ಹುಣ್ಣಿಮೆಗೆ ಕಟ್ಟಿಕೊಂಡು, ಉಳಿದ ದಿನ ದೇವರ ಜಗುಲಿಯ ಮೇಲೆ ಇಡುವ ಪೈಕಿ. ಅವ್ವ ಇದನ್ನು ಸಹಿಸಿಕೊಂಡಿದ್ದಾಳೆ, ಆದರೆ ಕ್ಷಮಿಸಿಲ್ಲ.

ತಂಗಿಗೆ ದೀಕ್ಷೆ ಕೊಡಿಸುವಾಗ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಯಿತು. ಅವಳಿಗ್ಯಾಕೆ ಲಿಂಗ, ಎಲ್ಲೆಂದರಲ್ಲಿ ಬಿಟ್ಟು ಬರುತ್ತಾಳೆ, ಅಪಚಾರ ಆಗುತ್ತದೆ ಅಂತ ಸೋದರತ್ತೆ. ಮಂತ್ರ ಹೇಳೋಕೆ ನಾಲಿಗೆ ತಿರುಗುವುದಿಲ್ಲ ಅಂತ ಇನ್ನೊಬ್ಬರು. ಅವ್ವ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮೇಲೆ ಶಿವನ ಮೇಲೆ ಅವಳಿಗೂ ಹಕ್ಕು ಇದೆ ಎಂದು ಹೇಳಿ, ಮಠದ ಅಯ್ಯನವರನ್ನು ಕರೆಸಿ ಕಟ್ಟಿಸಿಯೇ ಬಿಟ್ಟಳು. ಬೆಳ್ಳಿಯ ಸಣ್ಣ ಕರಡಿಗೆ, ಅದರೊಳಗೆ ಲಿಂಗ, ಮೇಲೆ ಬಿಳಿ ಶಿವದಾರ. ತಂಗಿ ಅವತ್ತು ಬೀದಿಯಲ್ಲಿ ಹೋಗಿ ಬರುವವರನ್ನೆಲ್ಲ ನಿಲ್ಲಿಸಿ ತೋರಿಸಿದಳು.

ಸೋದರತ್ತೆ ಹೇಳಿದ್ದು ಒಂದು ಬೇಸಿಗೆಯಲ್ಲಿ ನಿಜವಾಯಿತು. ಅಪ್ಪನದು ಸಣ್ಣ ಅಕ್ಕಿ ಗಿರಣಿ, ಮನೆಗೆ ಹತ್ತಿಕೊಂಡೇ ಭತ್ತ ಒಣಗಿಸುವ ಕಣ. ಸೆಕೆಗೆ ಕೊರಳು ತುರಿಸಿತೆಂದು ತಂಗಿ ಕರಡಿಗೆ ತೆಗೆದು ಭತ್ತದ ರಾಶಿಯ ಮೇಲಿಟ್ಟು ಆಡಲು ಹೋದಳು. ಆಳುಗಳು ಬಂದು ರಾಶಿಯನ್ನು ಚೀಲಕ್ಕೆ ತುಂಬಿಬಿಟ್ಟರು. ಹೊಲಿದ ಚೀಲಗಳನ್ನೆಲ್ಲ ಬಿಚ್ಚಿ ಸುರಿದು ಹುಡುಕುವಾಗ ಅವ್ವನ ಮುಖದಲ್ಲಿ ರಕ್ತ ಇರಲಿಲ್ಲ. ಸಿಕ್ಕಿತು. ಸಿಕ್ಕ ಮೇಲೆ ಅವ್ವ ತಂಗಿಯನ್ನು ಎದುರಿಗೆ ಕೂರಿಸಿಕೊಂಡು, ಹೊಡೆಯಲಿಲ್ಲ ಬೈಯಲಿಲ್ಲ, ಮೆಲ್ಲಗೆ ಹೇಳಿದಳು:

“ಲಿಂಗ ಬಿಟ್ರ ಜೀವ ಬಿಟ್ಟಂಗ. ತೆಗೆದಿ ಅಂದ್ರ ಸತ್ತು ಹೋಗ್ತಿ. ತಿಳೀತಾ?”

ತಿಳಿಯಿತು. ಅವ್ವ ಹೇಳಿದ್ದನ್ನು ತಂಗಿ ಹೇಗೆ ತಿಳಿದುಕೊಳ್ಳುತ್ತಾಳೆ ಅನ್ನುವುದೇ ಅವ್ವನಿಗೆ ತಿಳಿಯಲಿಲ್ಲ. ನಮಗೆಲ್ಲ ಅದು ಹೆದರಿಸುವ ಮಾತು, ತಂಗಿಗೆ ಅದು ಬೆಂಕಿ ಸುಡುತ್ತದೆ ಅಂದಷ್ಟೇ ಖರೆ. ಅವತ್ತಿನಿಂದ ಅವಳ ಕೈ ಕೊರಳ ಹತ್ತಿರವೇ. ಸ್ನಾನ ಮಾಡುವಾಗ ಒಂದು ಕೈಯಲ್ಲಿ ಕರಡಿಗೆ ಹಿಡಿದೇ ಇನ್ನೊಂದು ಕೈಯಲ್ಲಿ ನೀರು ಹುಯ್ದುಕೊಳ್ಳುವಳು. ದಿನಾ ಬೆಳಿಗ್ಗೆ ಅವ್ವನ ಪಕ್ಕ ಮಣೆ ಹಾಕಿಕೊಂಡು, ಹಣೆಗೆ ವಿಭೂತಿ ಬಳಿದುಕೊಂಡು, ಎಡ ಅಂಗೈಯಲ್ಲಿ ಲಿಂಗ ಇಟ್ಟು ನೋಡುತ್ತಾ ಕೂರುವಳು. ಆಗಲೂ ಶಿವದಾರ ಕೊರಳಲ್ಲೇ ಇರಬೇಕು. ಪೂಜೆ ಆಗುವ ತನಕ ಹನಿ ನೀರು ಮುಟ್ಟುವುದಿಲ್ಲ. ಪೂಜೆ ಆದ ಮರುಕ್ಷಣವೇ, ಮಂಡಕ್ಕಿ ಒಗ್ಗಾಣಿ ಎಲ್ಲಿ, ಮಿರ್ಚಿ ಬಜ್ಜಿ ಎಲ್ಲಿ ಎಂದು ಮನೆ ತಲೆ ಮೇಲೆ ಹೊತ್ತುಕೊಳ್ಳುತ್ತಾಳೆ.

ಹೀಗೆ ವರ್ಷಗಳು ಹೋದವು. ಅಪ್ಪ ತೀರಿಕೊಂಡ. ಗಿರಣಿಯನ್ನು ಚಿಕ್ಕಪ್ಪನ ಮಗ ನೋಡಿಕೊಂಡ. ಅವ್ವ ಮತ್ತು ತಂಗಿ ಅದೇ ಮನೆಯಲ್ಲಿ ಒಬ್ಬರಿಗೊಬ್ಬರು ಜೊತೆ. ನಾನು ಭಾನುವಾರ ಬಂತೆಂದರೆ ಬಸ್ಸು ಹಿಡಿದು, ಬುಕ್ಕಸಾಗರ, ರಾಮಸಾಗರದ ಬಾಳೆ ತೋಟಗಳನ್ನು ದಾಟಿ ಅವರ ಹತ್ತಿರ ಹೋಗುತ್ತಿದ್ದೆ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಹೋದಾಗ ಅವ್ವ ಬಾಗಿಲಲ್ಲೇ ಸಂಭ್ರಮದಿಂದ ಸುದ್ದಿ ಹೇಳಿದಳು. ತಂಗಿಯ ಭಕ್ತಿ ಭಾಳ ಹೆಚ್ಚಾಗಿದೆಯಂತೆ. ಮೊದಲೆಲ್ಲ ಲಿಂಗವನ್ನು ಎದೆಯ ಹತ್ತಿರ ಹಿಡಿದು ನೋಡುತ್ತಿದ್ದವಳು ಈಗ ಕಣ್ಣಿಗೆ ಒತ್ತಿಕೊಳ್ಳುವಷ್ಟು ಹತ್ತಿರ ತರುತ್ತಾಳಂತೆ. ರೆಪ್ಪೆ ಬಡಿಯುವುದಿಲ್ಲವಂತೆ. ನೆರೆಯ ಹೆಂಗಸರು ಪೂಜೆಯ ಹೊತ್ತಿಗೆ ಬಂದು, ಕೈ ಮುಗಿದು ನೋಡಿ ಹೋಗುತ್ತಾರಂತೆ. ಹೇಳುವಾಗ ಅವ್ವನ ಕಣ್ಣಲ್ಲಿ ನೀರು. ಅಷ್ಟು ವರ್ಷ ಊರವರ ಅಯ್ಯೋ ಪಾಪ ಕೇಳಿದ್ದ ಹೆಂಗಸು ಅವಳು, ಹೊಗಳಿಕೆ ಕೇಳಿದ್ದು ಅದೇ ಮೊದಲು.

ನಾನೂ ನೋಡಿದೆ. ನಿಜಕ್ಕೂ ಕಣ್ಣು ತುಂಬುವ ನೋಟವೇ. ಅಂಗೈ ಮೂಗಿಗೆ ತಾಗುವಷ್ಟು ಹತ್ತಿರ, ಕುತ್ತಿಗೆ ಬಾಗಿಸಿ, ತುಟಿ ಅಲ್ಲಾಡಿಸುತ್ತಾ ಅವಳು ಎಷ್ಟೋ ಹೊತ್ತು ಕೂತಳು. ನನಗೂ ಕೈ ಮುಗಿಯಬೇಕೆನಿಸಿತು. ಪೂಜೆ ಮುಗಿಯಿತು. ಎದುರಿಗೆ ತಟ್ಟೆ ಇಟ್ಟೆವು. ತಂಗಿ ಮಿರ್ಚಿಗೆ ಕೈ ಹಾಕಿದಳು, ತಟ್ಟೆಯ ಅಂಚು ಹಿಡಿದಳು. ಮತ್ತೆ ಹಾಕಿದಳು, ನೀರಿನ ಲೋಟ ಉರುಳಿತು. ಆಮೇಲೆ ತಟ್ಟೆಯನ್ನೆಲ್ಲ ತಡವಿ ತಡವಿ ಹುಡುಕಿಕೊಂಡಳು. ನನ್ನ ತಂಗಿ ಏನನ್ನಾದರೂ ಬಿಟ್ಟಾಳು, ಕಣ್ಣೆದುರಿಗಿದ್ದ ಮಿರ್ಚಿ ಬಿಡುವವಳಲ್ಲ. ಇದು ಭಕ್ತಿ ಅಲ್ಲ, ಇವಳಿಗೆ ಕಣ್ಣು ಕಾಣುತ್ತಿಲ್ಲ ಎಂದು ನಾನು ಜೋರಾಗಿಯೇ ಹೇಳಿಬಿಟ್ಟೆ. ಅವ್ವ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಅವಳ ಕೈಯಲ್ಲಿದ್ದುದನ್ನು ನಾನು ಕಿತ್ತುಕೊಂಡೆ ಅನ್ನುವ ಹಾಗೆ ನೋಡಿದಳು.

ಹೊಸಪೇಟೆಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಎರಡೂ ಕಣ್ಣಿಗೆ ಪೊರೆ. ಇಂಥವರಿಗೆ ಬೇಗ ಬರುತ್ತದೆ, ನೀವು ತಡ ಮಾಡಿದ್ದೀರಿ, ಇನ್ನೂ ಬಿಟ್ಟರೆ ಪೂರ್ತಿ ಕತ್ತಲೆ ಎಂದರು. ಆಪರೇಷನ್ ಮಾಡಿದರೆ ಚೆನ್ನಾಗಿ ಕಾಣುತ್ತದೆ. ಆದರೆ ಅಲ್ಲಾಡದೆ ಮಲಗುವುದು ಇವಳಿಂದ ಆಗದ ಕೆಲಸ, ಪೂರ್ತಿ ಅರಿವಳಿಕೆ ಕೊಟ್ಟೇ ಮಾಡಬೇಕು. ಎದೆಯ ಪರೀಕ್ಷೆ, ರಕ್ತದ ಪರೀಕ್ಷೆ ಎಲ್ಲ ಆಯಿತು. ದಿನ ಗೊತ್ತಾಯಿತು. ಆ ದಿನ ಆಪರೇಷನ್ನಿನ ಹಸಿರು ಅಂಗಿ ತಂದ ನರ್ಸಮ್ಮ ಬಳೆ, ಓಲೆ, ಕೊರಳಲ್ಲಿರುವುದು ಎಲ್ಲ ತೆಗೆಯಬೇಕು ಎಂದರು.

ಬಳೆ ಕೊಟ್ಟಳು. ಓಲೆ ಕೊಟ್ಟಳು. ಕರಡಿಗೆಗೆ ಕೈ ಹಾಕಿದೊಡನೆ ತಂಗಿ ಗೋಡೆಗೆ ಒತ್ತಿ ನಿಂತು, ಎರಡೂ ಕೈಯಲ್ಲಿ ಅದನ್ನು ಬಿಗಿಯಾಗಿ ಹಿಡಿದುಕೊಂಡು ಕಿರುಚಿದಳು. ತೆಗೆದರೆ ನಾನು ಸಾಯುತ್ತೇನೆ, ಅವ್ವ ಹೇಳಿದ್ದಾಳೆ. ನಾನು ಅರಿವಳಿಕೆ ಕೊಡುವ ಡಾಕ್ಟರಮ್ಮನ ಜೊತೆ ಜಗಳಕ್ಕೇ ಬಿದ್ದೆ. ಕೈಗಾದರೂ ಕಟ್ಟಲು ಬಿಡಿ ಎಂದೆ. ಪಾಪ, ಆಕೆ ಒಳ್ಳೆಯವರು. ಗಂಟಲಿಗೆ ನಳಿಕೆ ಹಾಕುತ್ತೇವೆ, ಕೈಗೆ ಸೂಜಿ, ಮೈ ಮೇಲೆ ಲೋಹ ಇರುವಂತಿಲ್ಲ, ಬೇಕಾದರೆ ತಲೆಯ ಹತ್ತಿರ ಒಂದು ಬಟ್ಟಲಲ್ಲಿ ಇಡುತ್ತೇನೆ ಎಂದರು. ತಂಗಿಗೆ ಬಟ್ಟಲು ಬೇಡ, ಮೈ ಮೇಲೇ ಬೇಕು. ಹಿಡಿದು ಎಳೆದು ಮಾಡುವ ಕೆಲಸವಲ್ಲ. ವಾಪಸ್ ಬಂದೆವು.

ಆಮೇಲಿನ ಹದಿನೈದು ದಿನ ನಮ್ಮ ಮನೆಯಲ್ಲಿ ನಡೆದದ್ದು ಇದೊಂದೇ ಮಾತು. ಮಠದ ಅಯ್ಯನವರನ್ನು ಕೇಳಿದೆವು. ಆಪರೇಷನ್ ಅಂದಮೇಲೆ ತೆಗೆಯಬಹುದು, ಆಮೇಲೆ ವಿಭೂತಿ ಹಚ್ಚಿ ಮಂತ್ರ ಹೇಳಿ ಮತ್ತೆ ಕಟ್ಟಿಕೊಳ್ಳಲಿ, ಏನೂ ದೋಷವಿಲ್ಲ ಎಂದರು. ಪುಣ್ಯಾತ್ಮರು, ಖುದ್ದು ಮನೆಗೆ ಬಂದು ತಂಗಿಯ ಎದುರು ಕೂತು ಅದನ್ನೇ ನಯವಾಗಿ ಹೇಳಿದರು. ಅವಳು ಪೂರ್ತಿ ಕೇಳಿದಳು, ಅವರ ಪಾದಕ್ಕೆ ನಮಸ್ಕಾರ ಮಾಡಿದಳು, ಆಮೇಲೆ ತಿರುಗಿ ಅವ್ವನ ಮುಖ ನೋಡಿದಳು. ಅವ್ವ ಸುಮ್ಮನಿದ್ದಳು. ತಂಗಿಯ ಕೈ ಕರಡಿಗೆ ಬಿಡಲಿಲ್ಲ.

ಅಯ್ಯನವರು ಹೋದ ಮೇಲೆ ನಾನು ಅವ್ವನ ಮೇಲೆ ಹರಿಹಾಯ್ದೆ. ನೀನು ಕಟ್ಟಿದ ಗಂಟು, ನೀನೇ ಬಿಚ್ಚು. ಅದು ಸುಳ್ಳು, ಹೆದರಿಸಲು ಹೇಳಿದ್ದು ಅಂತ ಒಂದು ಮಾತು ಹೇಳಲು ನಿನ್ನ ಗಂಟೇನು ಹೋಗುತ್ತದೆ ಎಂದೆ. ಅವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಾ ಕೂತಿದ್ದಳು. ಮೊರ ಪಕ್ಕಕ್ಕಿಟ್ಟು, ಅದು ಪೂರಾ ಸುಳ್ಳೇನಲ್ಲವಲ್ಲ ಎಂದಳು. ಲಿಂಗ ಇಲ್ಲದ ಅವ್ವನನ್ನು ಅವ್ವನೇ ನೋಡಿರಲಿಲ್ಲ. ತೆಗೆದರೆ ಏನಾಗುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಆ ಕೂಸಿಗೆ ಹೇಗೆ ಹೇಳಲಿ ಎಂದು ನನ್ನನ್ನೇ ಕೇಳಿದಳು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು, ಇಳಿದರೂ ತೋರಿಸಲಿಲ್ಲ.

ಮಲಗಿದ್ದಾಗ ಮೆಲ್ಲಗೆ ದಾರ ಕತ್ತರಿಸೋಣ, ಇಲ್ಲದಿದ್ದರೆ ಮಂಪರಿನ ಮಾತ್ರೆ ಕೊಟ್ಟು ತೆಗೆಯೋಣ ಎಂದೂ ನಾನು ಹೇಳಿ ನೋಡಿದೆ. ಅದಕ್ಕೆ ಮಾತ್ರ ಅವ್ವ ಸುತಾರಾಂ ಒಪ್ಪಲಿಲ್ಲ. ಎಚ್ಚರವಾಗಿ ಕೊರಳು ಮುಟ್ಟಿ ನೋಡಿಕೊಂಡರೆ ಆ ಹೆದರಿಕೆಗೇ ಸಾಯುತ್ತಾಳೆ, ಕದ್ದು ಮಾಡುವ ಕೆಲಸ ಶಿವನ ಹತ್ತಿರ ಬೇಡ ಎಂದಳು. ಇತ್ತ ತಂಗಿಯ ಕಣ್ಣು ದಿನದಿನಕ್ಕೂ ಮಂಜಾಗುತ್ತಿತ್ತು. ಹಿತ್ತಲಿನ ಮೆಟ್ಟಿಲಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡಳು. ನಾನು ಬಂದರೆ ದನಿ ಕೇಳುವ ತನಕ ಯಾರೆಂದು ತಿಳಿಯುತ್ತಿರಲಿಲ್ಲ. ಡಾಕ್ಟರು ಇನ್ನೊಂದು ದಿನ ಕೊಟ್ಟರು. ಇದಾದ ಮೇಲೆ ತಾವು ಭರವಸೆ ಕೊಡುವುದಿಲ್ಲ ಎಂದೂ ಹೇಳಿದರು.

ಹಿಂದಿನ ದಿನವೇ ಇಬ್ಬರನ್ನೂ ಹೊಸಪೇಟೆಯ ನನ್ನ ಮನೆಗೆ ಕರೆತಂದೆ. ಬೆಳಿಗ್ಗೆ ತಾಯಿ ಮಗಳು ನನ್ನ ಜಗುಲಿಯ ಮುಂದೆ ಕೂತು ಪೂಜೆ ಮಾಡಿದರು. ಪೂಜೆ ಆದೊಡನೆ ತಂಗಿ ಒಗ್ಗಾಣಿ ಕೇಳಿದಳು. ಡಾಕ್ಟರು ಬರಿ ಹೊಟ್ಟೆಯಲ್ಲಿ ಬರಲು ಹೇಳಿದ್ದಾರೆ ಎಂದರೆ, ಪೂಜೆ ಆಗಿದೆ, ಇನ್ನೇನು ಅಡ್ಡಿ ಎಂದು ನನ್ನ ಮೇಲೇ ಸಿಟ್ಟಾದಳು. ಆಟೋದಲ್ಲಿ ಇಡೀ ದಾರಿ ಮುಖ ಊದಿಸಿಕೊಂಡು ಕೂತಿದ್ದಳು.

ಆಪರೇಷನ್ ಕೋಣೆಯ ಹೊರಗೊಂದು ಸಣ್ಣ ಕೋಣೆ. ಮಂಚ, ಸ್ಟೂಲು, ಹಸಿರು ಪರದೆ. ನರ್ಸಮ್ಮ ಬಳೆ, ಓಲೆ ತೆಗೆಸಿ, ಈಗ ನೀವೇ ನೋಡಿರಿ ಎಂದು ಪರದೆಯ ಆಚೆ ನಿಂತರು. ಅವ್ವ ಸ್ಟೂಲಿನ ಮೇಲೆ ಕೂತು ತಂಗಿಯನ್ನು ಹತ್ತಿರ ಎಳೆದುಕೊಂಡಳು. ಅವತ್ತು ಕಣದಲ್ಲಿ ತಾನು ಹೇಳಿದ್ದು ಸುಳ್ಳು, ಲಿಂಗ ತೆಗೆದರೆ ಯಾರೂ ಸಾಯುವುದಿಲ್ಲ ಎಂದಳು. ತಂಗಿ ತಲೆ ಅಲ್ಲಾಡಿಸಿದಳು.

“ಅವ್ವ ಸುಳ್ಳು ಹೇಳಂಗಿಲ್ಲ.”

ಇನ್ನು ಮುಗಿಯಿತು ಎಂದುಕೊಂಡೆ. ಪರದೆಯ ಆಚೆ ಯಾರೋ ಹೊತ್ತಾಯಿತು ಎಂದು ಲೊಚಗುಟ್ಟಿದರು. ಆಗ ಅವ್ವ ತನ್ನ ಕೊರಳಿಗೆ ಕೈ ಹಾಕಿದಳು. ಸೆರಗು ಸರಿಸಿ, ಶಿವದಾರ ಹಿಡಿದು ತಲೆಯ ಮೇಲಿಂದ ಎತ್ತಿದಳು. ದಾರ ಹೆರಳಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿಕೊಳ್ಳುವ ರೀತಿಯೇ ಅವಳಿಗೆ ಗೊತ್ತಿರಲಿಲ್ಲ, ಎಂದೂ ತೆಗೆದಿರಲಿಲ್ಲವಲ್ಲ. ಅವ್ವ ಕಣ್ಣು ಮುಚ್ಚಿ ಒಂದು ಸಲ ‘ಶಿವಾ’ ಎಂದು, ಕರಡಿಗೆಯನ್ನು ತಂದು ನನ್ನ ಅಂಗೈಯಲ್ಲಿ ಇಟ್ಟಳು. ಅದು ಬೆಚ್ಚಗಿತ್ತು. ಅವ್ವನ ಬರಿ ಕೊರಳಲ್ಲಿ ದಾರದ ಜಾಗ ಒಂದು ಬಿಳಿ ಗೆರೆಯಾಗಿ ಉಳಿದಿತ್ತು. ಅವಳು ಉಸಿರು ಬಿಗಿಹಿಡಿದು ಕೂತಿದ್ದಳು. ಏನಾದೀತೋ ಎಂದು ಅವಳೂ ಕಾಯುತ್ತಿದ್ದಳು.

ಆಮೇಲೆ ಉಸಿರು ಬಿಟ್ಟು, “ನೋಡು, ತೆಗೆದೀನಿ. ಅದೀನಲ್ಲ ನಾ?” ಎಂದಳು.

ತಂಗಿಗೆ ಸರಿಯಾಗಿ ಕಾಣದು. ಅವ್ವನ ಕೊರಳನ್ನು ಕೈಯಿಂದ ತಡವಿದಳು. ಈ ಕಡೆ, ಆ ಕಡೆ, ಸೆರಗಿನ ಒಳಗೆ. ಇಲ್ಲ. ಅವ್ವನ ಮೂಗಿನ ಕೆಳಗೆ ಬೆರಳಿಟ್ಟಳು. ಎದೆಗೆ ಕಿವಿ ಕೊಟ್ಟಳು. ತಂಗಿಯ ಮುಖ ಬಿಳಿಚಿಕೊಂಡಿತ್ತು. ಆಮೇಲೆ ಎದ್ದು ನಿಂತು, ಹದಿನೈದು ದಿನ ನಮ್ಮ ಯಾರಿಂದಲೂ ತೆಗೆಸಲು ಆಗದಿದ್ದ ತನ್ನ ಕರಡಿಗೆಯನ್ನು ತಾನೇ ತೆಗೆದಳು. ಗೆದ್ದೆವು ಎಂದು ನನಗೆ ಎದೆ ಹಗುರಾಯಿತು. ತಂಗಿ ಅದನ್ನು ನನ್ನ ಕೈಗೆ ಕೊಡಲಿಲ್ಲ. ಅವಸರವಸರವಾಗಿ ಅವ್ವನ ತಲೆಯ ಮೇಲಿಂದ ಇಳಿಸಿ, ಕೊರಳಿಗೆ ಹಾಕಿ, ಎದೆಯ ಮೇಲೆ ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿದಳು.

“ನೀ ಸಾಯಬ್ಯಾಡವ್ವ. ನಾ ಹೋಗ್ತೀನಿ.”

ಇಷ್ಟು ಹೇಳಿ ಪರದೆ ಸರಿಸಿಕೊಂಡು ನರ್ಸಮ್ಮನ ಕೈ ಹಿಡಿದಳು. ತಿರುಗಿ ನೋಡಲಿಲ್ಲ. ಬಾಗಿಲು ಮುಚ್ಚಿತು.

ಅವಳು ನಂಬಿರಲಿಲ್ಲ. ನಾವು ತೋರಿಸಿದ್ದು ಅವಳಿಗೆ ತಾಕಿಯೇ ಇರಲಿಲ್ಲ. ಲಿಂಗ ತೆಗೆದ ಅವ್ವ ಇನ್ನೇನು ಸಾಯುತ್ತಾಳೆ ಎಂದು ಹೆದರಿ, ತನ್ನದನ್ನು ಕೊಟ್ಟು, ತಾನು ಸಾಯಲು ನಡೆದು ಹೋಗಿದ್ದಳು. ಇದು ನನಗೆ ಹೊಳೆಯುವಷ್ಟರಲ್ಲಿ ಅವ್ವನಿಗೂ ಹೊಳೆದಿತ್ತು. ಅವಳು ಎದ್ದು ಬಾಗಿಲಿಗೆ ಹೋಗಿ ಎರಡೂ ಅಂಗೈ ಬಡಿದಳು. ಒಳಗಿನವರು ಬಂದು, ಮದ್ದು ಕೊಟ್ಟಾಗಿದೆ, ಕೂಸು ಮಲಗಿದೆ, ಗದ್ದಲ ಮಾಡಬೇಡಿ ಎಂದರು. ಅವ್ವ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ನಾನು ಅವಳ ಕರಡಿಗೆಯನ್ನು ಚಾಚಿದೆ. ತೆಗೆದುಕೊಳ್ಳಲಿಲ್ಲ. ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟಬಾರದು ಎಂದು ಜೀವಮಾನವಿಡೀ ಹೇಳಿದವಳು ಮಗಳ ಲಿಂಗವನ್ನು ಕೊರಳಲ್ಲಿ ಹಾಕಿಕೊಂಡು, ಅದನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಕೂತಿದ್ದಳು.

ನನಗೆ ಅಂಥ ಹೆದರಿಕೆ ಮೊದಲು ಆಗಿರಲಿಲ್ಲ. ನಾನು ಓದಿದವಳು, ಇಂಥದ್ದರಲ್ಲಿ ನಂಬಿಕೆ ಸಡಿಲವಾದವಳು. ಆದರೆ ಒಬ್ಬಳು ತಾನು ಸಾಯುತ್ತೇನೆ ಎಂದೇ ನಂಬಿ ಮಲಗಿದರೆ ಎದೆ ನಿಂತು ಹೋಗುವುದಿಲ್ಲವೇ? ಅವಳ ಎದೆ ಮೊದಲೇ ಗಟ್ಟಿಯಿಲ್ಲ. ಅವ್ವನ ಪಕ್ಕ ನೆಲಕ್ಕೆ ಕೂತೆ. ನನ್ನ ಅಂಗೈಯಲ್ಲಿದ್ದ ಅವ್ವನ ಲಿಂಗದ ಎದುರು ಏನೇನು ಕೇಳಿಕೊಂಡೆ ಅನ್ನುವುದನ್ನು ಬರೆಯುವುದಿಲ್ಲ. ಅವ್ವ ಒಂದೇ ಒಂದು ಸಲ ಮಾತಾಡಿದಳು. ನನಗಾಗಿ ಯಾರೂ ಇಷ್ಟು ಕೊಟ್ಟಿಲ್ಲ, ನಿಮ್ಮಪ್ಪನೂ ಕೊಟ್ಟಿಲ್ಲ, ನೀನೂ ಕೊಟ್ಟಿಲ್ಲ ಎಂದಳು. ನಾನು ಹೌದು ಎಂದೆ.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಬಂದು ಎಲ್ಲ ಸರಿಯಾಯಿತು, ಬಲಗಣ್ಣಿಗೆ ಚೆನ್ನಾಗಿ ಕಾಣುತ್ತದೆ, ತಿಂಗಳು ಬಿಟ್ಟು ಎಡಗಣ್ಣು ಮಾಡೋಣ ಎಂದರು. ಅವ್ವ ಅವರ ಮಾತು ಕೇಳಿಸಿಕೊಂಡಳೋ ಇಲ್ಲವೋ. ಉಸಿರಾಡುತ್ತಿದ್ದಾಳಾ ಎಂದಷ್ಟೇ ಎರಡು ಸಲ ಕೇಳಿದಳು.

ತಂಗಿ ಮಂಚದ ಮೇಲೆ ಮಲಗಿದ್ದಳು. ಬಲಗಣ್ಣಿಗೆ ಪಟ್ಟಿ. ಅವ್ವ ತಲೆಯ ಹತ್ತಿರ, ನಾನು ಕಾಲ ಹತ್ತಿರ ನಿಂತೆವು. ಬಹಳ ಹೊತ್ತಿನ ಮೇಲೆ ತುಟಿ ಅಲ್ಲಾಡಿತು. ಕೈ ಮೇಲೆದ್ದು ಕೊರಳಿಗೆ ಹೋಯಿತು, ಅಲ್ಲಿ ಏನೂ ಸಿಗದೆ ಹಾಗೆಯೇ ನಿಂತಿತು. ಅವ್ವ ಆ ಕೈಯನ್ನು ಹಿಡಿದುಕೊಂಡು ಹೆಸರು ಹಿಡಿದು ಕರೆದಳು. ತಂಗಿ ದನಿ ಬಂದ ಕಡೆ ಮುಖ ತಿರುಗಿಸಿದಳು. ಇದ್ದೊಂದು ಮಂಜುಗಣ್ಣಿನಲ್ಲಿ ಅವ್ವನನ್ನು ನೋಡಿದಳು. ಖುಷಿ ಆದೀತು ಎಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂದಿತ್ತು.

“ನಾ ನಿನಗ ಕೊಟ್ಟಿದ್ನಲ್ಲ. ಮತ್ತ ನೀ ಯಾಕ ಬಂದಿ ಇಲ್ಲಿಗೆ?”

ಅವ್ವನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ತಾನು ಸತ್ತು ಬಂದ ಜಾಗಕ್ಕೆ ಅವ್ವನೂ ಬಂದಿದ್ದಾಳೆ, ತನ್ನ ಲಿಂಗ ಕೊಟ್ಟದ್ದು ದಂಡವಾಯಿತು ಎಂದು ಅವಳ ಸಿಟ್ಟು. ನಾನು ಅವ್ವನ ಕಿವಿಯಲ್ಲಿ ಅದನ್ನು ಹೇಳಿದೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಬಗ್ಗಿ, ಅವಳ ಹಣೆಗೆ ಹಣೆ ಹಚ್ಚಿ ಹೇಳಿದಳು.

“ಎಲ್ಲಿಗೂ ಬಂದಿಲ್ಲ ನನ ತಾಯಿ. ಇದು ಹೊಸಪ್ಯಾಟಿ. ನೀನೂ ಅದಿ, ನಾನೂ ಅದೀನಿ.”

ತಂಗಿ ಕೊರಳು ಮುಟ್ಟಿಕೊಂಡಳು, ತನ್ನ ಮೂಗಿನ ಕೆಳಗೆ ಬೆರಳಿಟ್ಟುಕೊಂಡಳು. ಲಿಂಗ ಇಲ್ಲ, ಉಸಿರು ಇದೆ. ಹುಟ್ಟಿದಾಗಿನಿಂದ ಅವ್ವ ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಕೇಳಿ ಖಾತ್ರಿ ಮಾಡಿಕೊಂಡವಳಲ್ಲ ಅವಳು. ಅವತ್ತು ಅವ್ವನ ಮುಖದಿಂದ ಮುಖ ತಿರುಗಿಸಿ, ಕಾಲ ಹತ್ತಿರ ನಿಂತಿದ್ದ ನನ್ನನ್ನು ಹುಡುಕಿ ಕೇಳಿದಳು.

“ಅಕ್ಕಾ, ಹೌದೇನು?”

ಹೌದು ಎಂದೆ. ಅವಳು ನಂಬಿದಳು. ಅವ್ವ ಕೈ ಬಿಟ್ಟು ಹಿಂದಕ್ಕೆ ಸರಿದು ನಿಂತಿದ್ದಳು, ಆ ಕಡೆ ನೋಡುವ ಧೈರ್ಯ ನನಗೆ ಬರಲಿಲ್ಲ.